ಹಳಗನ್ನಡ ಪದ್ಯದಿಂದ ಅಸೈನ್ಮೆಂಟ್ ತನಕ: ಸಾಹಿತ್ಯ ಓದ್ತಿರೋರು ಎಲ್ಲಾನೂ ಸಮಯಕ್ಕೆ ಮುಗಿಸೋದು ಹೇಗೆ

ಪ್ರತಿ ಸೆಮಿಸ್ಟರ್ ಶುರುವಾದ ಹದಿನೈದು ದಿನಕ್ಕೆ ಜೂನಿಯರ್‌ಗಳಿಂದ ಅದೇ ಮೂರು ಪ್ರಶ್ನೆ ಬರ್ತಾವೆ. ಹಳಗನ್ನಡ ತಲೆಗೇ ಹೋಗ್ತಿಲ್ಲ ಏನ್ ಮಾಡ್ಲಿ, ಸ್ವಾರಸ್ಯ ಬರೀರಿ ಅಂದ್ರೆ ಏನ್ ಬರೀಬೇಕು, ಮತ್ತೆ ಇಷ್ಟೊಂದು ಓದೋಕೆ ಟೈಮ್ ಎಲ್ಲಿಂದ ತರೋದು. ಒಬ್ಬೊಬ್ರಿಗೂ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸಿ ಕಳಿಸಿ ಸಾಕಾಯ್ತು ಅನ್ನೋದಕ್ಕಿಂತ, ಮಾತಲ್ಲಿ ಹೇಳಿದ್ದು ನೆನಪಲ್ಲಿ ಉಳಿಯಲ್ಲ, ಬರೆದಿಟ್ರೆ ಬೇಕಾದಾಗ ತಿರುಗಿಸಿ ನೋಡ್ಬಹುದು ಅಂತ ಇಲ್ಲಿ ಹಂತ ಹಂತವಾಗಿ ಬರೀತಿದೀನಿ. ನಾನೂ ಕನ್ನಡ ಎಂಎ ವಿದ್ಯಾರ್ಥಿನೇ, ಮೇಷ್ಟ್ರಲ್ಲ, ಹಾಗಾಗಿ ಇದು ಬೆಂಚಿನ ಈ ಕಡೆಯಿಂದ ಹೇಳೋ ಮಾತು ಅಂತ ತಗೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ನಾನು ಹಠ ಹಿಡೀತೀನಿ, ಮೊದಲೇ ಹೇಳ್ಬಿಡ್ತೀನಿ: ಮೂಲ ಪಠ್ಯ ಮೊದಲು, ಗೈಡು ಆಮೇಲೆ. ಈ ಕ್ರಮ ಉಲ್ಟಾ ಆದ್ರೆ ಕೆಳಗೆ ಹೇಳಿರೋ ಯಾವ ಹಂತಾನೂ ಕೆಲಸ ಮಾಡಲ್ಲ.

ಏನೇನು ಬೇಕು

ಹೆಚ್ಚೇನೂ ಬೇಡ. ಪಠ್ಯಪುಸ್ತಕ ನಿಮ್ಮ ಸ್ವಂತದ್ದೇ ಇರ್ಲಿ, ಯಾಕಂದ್ರೆ ಪೆನ್ಸಿಲಲ್ಲಿ ಗೀಚ್ಬೇಕಾಗತ್ತೆ, ಲೈಬ್ರರಿ ಪುಸ್ತಕದಲ್ಲಿ ಗೀಚೋದು ತಪ್ಪು. ಸ್ವಂತದ್ದು ಇಲ್ಲಾಂದ್ರೆ ಬೇಕಾದ ಪುಟ ಜೆರಾಕ್ಸ್ ಮಾಡಿಸ್ಕೊಳ್ಳಿ. ಒಂದು ಇನ್ನೂರು ಪುಟದ ನೋಟ್‌ಬುಕ್, ಪೆನ್ಸಿಲ್, ಫೋನಲ್ಲಿರೋ ಟೈಮರ್. ಇನ್ನು ನಿಘಂಟು, ಅಂದ್ರೆ ಡಿಕ್ಷನರಿ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟದ ಕನ್ನಡ ನಿಘಂಟು ನಿಮ್ಮ ಲೈಬ್ರರಿಯ ರೆಫರೆನ್ಸ್ ಸೆಕ್ಷನ್‌ನಲ್ಲಿ ಇದ್ಯಾ ಅಂತ ಮೊದಲ ವಾರಾನೇ ಹೋಗಿ ನೋಡ್ಕೊಳ್ಳಿ, ಹಳಗನ್ನಡಕ್ಕೆ ಅದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ. 1894ರಲ್ಲಿ ಬಂದ ಕಿಟೆಲ್ ನಿಘಂಟೂ ಬಹಳ ಉಪಯೋಗ ಆಗತ್ತೆ, ಆದ್ರೆ ಅದು ಕನ್ನಡ ಇಂಗ್ಲಿಷ್ ನಿಘಂಟು, ಅರ್ಥ ಇಂಗ್ಲಿಷಲ್ಲಿರತ್ತೆ ಅನ್ನೋದು ಗೊತ್ತಿರ್ಲಿ.

ಹಂತ 1: ನಿಮ್ಮ ಓದಿನ ವೇಗ ಅಳೆದುಕೊಳ್ಳಿ

ಟೈಮ್‌ಟೇಬಲ್ ಹಾಕೋ ಮುಂಚೆ ಇದು ಮಾಡ್ಬೇಕು, ಆದ್ರೆ ಯಾರೂ ಮಾಡಲ್ಲ. ಎಲ್ರೂ "ಸೋಮವಾರ ಹಳಗನ್ನಡ, ಮಂಗಳವಾರ ಕಾದಂಬರಿ" ಅಂತ ಬಣ್ಣಬಣ್ಣದ ಪೆನ್ನಲ್ಲಿ ಬರೆದು ಗೋಡೆಗೆ ಅಂಟಿಸ್ತಾರೆ, ಎರಡನೇ ವಾರಕ್ಕೆ ಅದು ಕೆಟ್ಟೋಗತ್ತೆ. ಕಾರಣ ಸೋಮಾರಿತನ ಅಲ್ಲ. ಕಾದಂಬರಿಯ 20 ಪುಟಾನೂ ಚಂಪೂ ಕಾವ್ಯದ 20 ಪುಟಾನೂ ಒಂದೇ ಅಂತ ಲೆಕ್ಕ ಹಾಕಿರ್ತೀವಿ, ಅಲ್ಲೇ ಎಡವಿರ್ತೀವಿ. (ಚಂಪೂ ಅಂದ್ರೆ ಪದ್ಯ ಗದ್ಯ ಎರಡೂ ಬೆರೆತಿರೋ ಕಾವ್ಯ, ಪಂಪ ರನ್ನ ಬರೆದಿದ್ದು ಈ ರೂಪದಲ್ಲೇ.)

ಟೈಮರ್ ಹಾಕಿ ಮೂರು ಸಲ ಅಳೀರಿ. ಅರ್ಧ ಗಂಟೇಲಿ ಕಾದಂಬರಿ ಎಷ್ಟು ಪುಟ ಆಗತ್ತೆ, ವಿಮರ್ಶೆ ಲೇಖನ ಎಷ್ಟು ಪುಟ ಆಗತ್ತೆ, ಹಳಗನ್ನಡ ಪದ್ಯ ಎಷ್ಟು ಆಗತ್ತೆ. ನನಗೆ ಮೊದಲ ಸಲ ಅಳೆದಾಗ ಕಾದಂಬರಿ 18 ಪುಟ, ವಿಮರ್ಶೆ 6 ಪುಟ, ಹಳಗನ್ನಡ ಬರೀ 2 ಪದ್ಯ. ನಿಮ್ಮದು ಬೇರೆ ಇರತ್ತೆ, ಇರ್ಲಿ. ಆ ಸಂಖ್ಯೆ ಸಿಕ್ಕಿದ ಮೇಲೆ ಸಿಲಬಸ್ ತೆಗೆದು ಪ್ರತಿ ಪಠ್ಯದ ಮುಂದೆ "ಇಷ್ಟು ಗಂಟೆ" ಅಂತ ಬರೀರಿ. 40 ಪದ್ಯ ಇದ್ರೆ ನನ್ನ ಲೆಕ್ಕದಲ್ಲಿ 10 ಗಂಟೆ. ಹತ್ತು ಗಂಟೆ ಪರೀಕ್ಷೆ ಹಿಂದಿನ ರಾತ್ರಿ ಸಿಗಲ್ಲ, ಆದ್ರೆ ದಿನಾ ಅರ್ಧ ಗಂಟೆ ಕೊಟ್ರೆ ಮೂರು ವಾರದೊಳಗೆ ಆರಾಮಾಗಿ ಮುಗಿಯತ್ತೆ.

ಎಚ್ಚರ: ಫ್ರೆಂಡ್ ಒಬ್ಬಳು ಗಂಟೆಗೆ 60 ಪುಟ ಓದ್ತಾಳೆ ಅಂತ ನಿಮ್ಮ ಸಂಖ್ಯೆ ತಿದ್ದಬೇಡಿ. ಸುಳ್ಳು ಸಂಖ್ಯೆ ಇಟ್ಕೊಂಡ್ರೆ ಟೈಮ್‌ಟೇಬಲ್ಲೂ ಸುಳ್ಳಾಗತ್ತೆ.

ಹಂತ 2: ಪದ್ಯನ ಮೊದಲು ಬಾಯಲ್ಲಿ ಓದಿ, ಆಮೇಲೆ ಒಡೀರಿ

ಹಳಗನ್ನಡಕ್ಕೆ ಹೆದರೋರು ಸಾಮಾನ್ಯವಾಗಿ ಮಾಡೋ ಕೆಲಸ ಏನಂದ್ರೆ ಪದ್ಯನ ಕಣ್ಣಲ್ಲೇ ಓದ್ತಾರೆ, ಎರಡನೇ ಪದದಲ್ಲೇ ಸಿಕ್ಕಿ ಹಾಕ್ಕೊಂಡು ಗೈಡ್ ತೆಗೀತಾರೆ. ಜೋರಾಗಿ ಓದಿ. ನಿಧಾನಕ್ಕೆ ಓದಿ. ಎರಡು ಸಲ ಓದೋ ಹೊತ್ತಿಗೆ ನಾಲಿಗೆಗೆ ತಾಳ ಸಿಗತ್ತೆ, ತಾಳ ಸಿಕ್ಕಿದ್ರೆ ಪದ ಎಲ್ಲಿ ಒಡೀಬೇಕು ಅನ್ನೋದು ಅರ್ಧ ಗೊತ್ತಾಗ್ಬಿಡತ್ತೆ.

ಒಂದು ಪದ್ಯ ತಗೊಂಡು ನೋಡೋಣ. 9ನೇ ಶತಮಾನದ ಕವಿರಾಜಮಾರ್ಗದ ಈ ಪದ್ಯ ನೀವೆಲ್ಲಾ ಭಾಷಣದಲ್ಲಿ ಸಾವಿರ ಸಲ ಕೇಳಿರ್ತೀರಿ:

ಕಾವೇರಿಯಿಂದಮಾ ಗೋ
ದಾವರಿವರಮಿರ್ದ ನಾಡದಾ ಕನ್ನಡದೊಳ್
ಭಾವಿಸಿದ ಜನಪದಂ ವಸು
ಧಾವಳಯವಿಲೀನವಿಶದವಿಷಯವಿಶೇಷಂ

ಮೊದಲ ಸಾಲಿನ ಕೊನೇಲಿ "ಗೋ" ಅಂತ ನಿಂತಿದೆ. ಹೊಸಬ್ರು ಇದನ್ನ ನೋಡಿ ಗೋ ಅಂದ್ರೆ ಹಸು ಅಂತ ಬರೆದಿರೋದನ್ನ ನಾನೇ ನೋಡಿದೀನಿ. ಸಾಲು ಮುಗೀತು ಅಂತ ಪದ ಮುಗಿದಿಲ್ಲ, ಅದು ಮುಂದಿನ ಸಾಲಿಗೆ ಸೇರ್ಕೊಂಡು "ಗೋದಾವರಿ" ಆಗತ್ತೆ. ಹಾಗೇ ಮೂರನೇ ಸಾಲಿನ "ವಸು" ನಾಲ್ಕನೇ ಸಾಲಿಗೆ ಸೇರಿ "ವಸುಧಾವಳಯ". ಸಾಲು ಮುರಿಯೋದು ಛಂದಸ್ಸಿನ ಲೆಕ್ಕಕ್ಕೆ, ಅರ್ಥದ ಲೆಕ್ಕಕ್ಕಲ್ಲ. ಈ ಒಂದು ಮಾತು ನೆನಪಿಟ್ರೆ ಅರ್ಧ ಗೊಂದಲ ಅಲ್ಲೇ ಕರಗತ್ತೆ.

ಆ ಲೆಕ್ಕ ಏನು ಅಂತ ಕೇಳಿದ್ರೆ, ಇದು ಕಂದ ಪದ್ಯ. ನಾಲ್ಕು ಸಾಲು. 1 ಮತ್ತೆ 3ನೇ ಸಾಲಲ್ಲಿ ನಾಲ್ಕು ಮಾತ್ರೆಯ ಮೂರು ಗಣ, 2 ಮತ್ತೆ 4ನೇ ಸಾಲಲ್ಲಿ ನಾಲ್ಕು ಮಾತ್ರೆಯ ಐದು ಗಣ. ಮಾತ್ರೆ ಅಂದ್ರೆ ಒಂದು ಹ್ರಸ್ವ ಅಕ್ಷರ ಹೇಳೋಕೆ ಹಿಡಿಯೋ ಹೊತ್ತು, ಗಣ ಅಂದ್ರೆ ಮಾತ್ರೆ ಎಣಿಸಿ ಮಾಡಿದ ಅಕ್ಷರಗಳ ಗುಂಪು, ಅಷ್ಟೇ. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದ್ದು ಗುರು. ದೀರ್ಘ ಇದ್ರೆ ಗುರು, ಅನುಸ್ವಾರ ವಿಸರ್ಗ ಇದ್ರೆ ಗುರು, ಮುಂದೆ ಒತ್ತಕ್ಷರ ಬಂದ್ರೆ ಹಿಂದಿನ ಅಕ್ಷರ ಗುರು, "ದೊಳ್" ತರ ವ್ಯಂಜನದಲ್ಲಿ ಮುಗಿದ್ರೂ ಗುರು. ಈಗ ಬೆರಳಲ್ಲಿ ಎಣಿಸಿ: ಕಾವೇ, ರಿಯಿಂದ, ಮಾಗೋ. ನಾಲ್ಕು, ನಾಲ್ಕು, ನಾಲ್ಕು. ಎರಡನೇ ಸಾಲು: ದಾವರಿ, ವರಮಿರ್, ದನಾಡ, ದಾಕನ್, ನಡದೊಳ್. ಐದು ಗಣ ಸರಿಯಾಗಿ ಕೂತ್ಕೊಂಡ್ವು. ಹೀಗೆ ಅಕ್ಷರದ ಮೇಲೆ ಲಘುಗೆ ಅರ್ಧಚಂದ್ರ, ಗುರುಗೆ ಅಡ್ಡಗೆರೆ ಹಾಕಿ ಗಣ ಬಿಡಿಸೋದಕ್ಕೆ ಪ್ರಸ್ತಾರ ಹಾಕೋದು ಅಂತಾರೆ, ಪರೀಕ್ಷೇಲಿ ಪೂರ್ತಿ ಅಂಕ ಸಿಗೋ ಪ್ರಶ್ನೆ ಇದು, ಗಣಿತದ ತರ ಸರಿ ಇದ್ರೆ ಸರಿ ಅಷ್ಟೇ. ಇನ್ನೊಂದು ನೋಡಿ, ನಾಲ್ಕೂ ಸಾಲಿನ ಎರಡನೇ ಅಕ್ಷರ: ವೇ, ವ, ವಿ, ವ. ಎಲ್ಲಾ ವಕಾರ. ಇದು ಆದಿಪ್ರಾಸ. ಹಳಗನ್ನಡ ಕವಿಗಳು ಪ್ರಾಸನ ಸಾಲಿನ ಕೊನೇಲಿ ಇಡ್ದೆ ಎರಡನೇ ಅಕ್ಷರದಲ್ಲಿ ಇಡ್ತಿದ್ರು.

ಎಚ್ಚರ: ಹಳಗನ್ನಡದಲ್ಲಿ ಶಿಥಿಲ ದ್ವಿತ್ವ ಅಂತ ಒಂದಿದೆ, ಕೆಲವು ಒತ್ತಕ್ಷರನ ತೇಲಿಸಿ ಹೇಳಿದಾಗ ಹಿಂದಿನ ಅಕ್ಷರ ಗುರು ಆಗ್ದೆ ಲಘುವಾಗೇ ಉಳಿಯತ್ತೆ. ಎಲ್ಲಾ ಸರಿ ಎಣಿಸಿದ್ರೂ ಒಂದು ಮಾತ್ರೆ ಜಾಸ್ತಿ ಬರ್ತಿದ್ರೆ ಅಲ್ಲಿ ರಕಾರ ಲಕಾರದ ಒತ್ತು ಇದ್ಯಾ ಅಂತ ಮೊದಲು ನೋಡಿ.

ಹಂತ 3: ಹಳಗನ್ನಡನ ಹೊಸಗನ್ನಡಕ್ಕೆ ತಿರುಗಿಸೋ ಐದಾರು ಕೀಲಿ

ಹಳಗನ್ನಡ ಬೇರೆ ಭಾಷೆ ಅಲ್ಲ, ನಿಮ್ಮ ಅಜ್ಜಿಯ ಅಜ್ಜಿಯ ಅಜ್ಜಿ ಕನ್ನಡ. ಕೆಲವು ಬದಲಾವಣೆ ಗೊತ್ತಾದ್ರೆ ನಿಘಂಟು ತೆಗೆಯೋದು ಅರ್ಧಕ್ಕರ್ಧ ಕಮ್ಮಿ ಆಗತ್ತೆ.

ಪದದ ಮೊದಲಲ್ಲಿ ಪಕಾರ ಇದ್ರೆ ಹಕಾರ ಹಾಕಿ ನೋಡಿ: ಪುಲಿ ಹುಲಿ ಆಗತ್ತೆ, ಪೋಗು ಹೋಗು, ಪಾಲ್ ಹಾಲು. ಪದದ ಕೊನೆಯ "ಅಂ" ಮುಂದೆ ಸ್ವರ ಬಂದ್ರೆ ಮಕಾರ ಆಗಿ ಅಂಟ್ಕೊಳ್ಳತ್ತೆ, ಮೇಲಿನ ಪದ್ಯದಲ್ಲೇ ಇದೆ, ಕಾವೇರಿಯಿಂದಂ ಆ ಅನ್ನೋದು ಕಾವೇರಿಯಿಂದಮಾ ಆಗಿದೆ, ವರಂ ಇರ್ದ ಅನ್ನೋದು ವರಮಿರ್ದ. "ಒಳ್" ಅಂದ್ರೆ ಅಲ್ಲಿ, "ಒಡೆ" ಅಂದ್ರೆ ರೆ, ಅಂದ್ರೆ ಬಂದೊಡೆ ಅಂದ್ರೆ ಬಂದರೆ. ಇನ್ನು ಎರಡು ಅಕ್ಷರ ನಿಮ್ಮ ಕೀಬೋರ್ಡಲ್ಲಿ ಹುಡುಕೋದೇ ಕಷ್ಟ: ಱ ಮತ್ತೆ ೞ. ಱ ಕಂಡ್ರೆ ರಕಾರ, ೞ ಕಂಡ್ರೆ ಳಕಾರ ಅಂತ ಸದ್ಯಕ್ಕೆ ಓದ್ಕೊಳ್ಳಿ, ಪೞೆ ಅಂದ್ರೆ ಹಳೆ ಅಂತ ಆಗ ತಾನಾಗೇ ಗೊತ್ತಾಗತ್ತೆ.

ಕಷ್ಟದ ಪದಕ್ಕಿಂತ ಸುಲಭವಾಗಿ ಕಾಣೋ ಪದಾನೇ ಜಾಸ್ತಿ ಮೋಸ ಮಾಡೋದು, ಇದನ್ನ ಕೆಂಪು ಗೆರೆ ಎಳೆದು ಇಟ್ಕೊಳ್ಳಿ. ಮೇಲಿನ ಪದ್ಯದಲ್ಲಿ "ಜನಪದಂ" ಅಂತ ಇದೆ. ನಾವು ಈಗ ಜನಪದ ಅಂದ್ರೆ ಜಾನಪದ ಗೀತೆ ನೆನೆಸ್ಕೊಳ್ತೀವಿ. ಅಲ್ಲಿ ಅದರ ಅರ್ಥ ನಾಡು. "ವಿಷಯ" ಅಂದ್ರೆ ನಮಗೆ ಸಬ್ಜೆಕ್ಟ್, ಅಲ್ಲಿ ಅದೂ ನಾಡು, ಪ್ರದೇಶ ಅನ್ನೋ ಅರ್ಥದಲ್ಲೇ ಬಂದಿದೆ. ಗೊತ್ತಿಲ್ಲದ ಪದಕ್ಕೆ ನಿಘಂಟು ತೆಗೀತೀವಿ, ಗೊತ್ತು ಅನ್ಕೊಂಡಿರೋ ಪದಕ್ಕೆ ತೆಗೆಯಲ್ಲ. ಅದಕ್ಕೇ ವಾಕ್ಯ ಸ್ವಲ್ಪ ವಿಚಿತ್ರ ಅನ್ನಿಸ್ತಿದ್ರೆ ಅದರಲ್ಲಿರೋ ಅತಿ ಪರಿಚಿತ ಪದನ ಮೊದಲು ಅನುಮಾನಿಸಿ.

ಎಐ ಆಪ್‌ಗೆ ಪದ್ಯ ಹಾಕಿ ಅರ್ಥ ಕೇಳ್ಬಹುದಾ ಅಂತ ಈ ವರ್ಷ ತುಂಬಾ ಜನ ಕೇಳಿದ್ರು. ನಾನು ಹಾಕಿ ನೋಡಿದ್ದೆ, ಹೊಸಗನ್ನಡಕ್ಕೆ ಪರವಾಗಿಲ್ಲ, ಹಳಗನ್ನಡಕ್ಕೆ ಇಲ್ಲದ ಅರ್ಥಾನೂ ಗ್ಯಾರಂಟಿ ಅನ್ನೋ ತರ ಹೇಳ್ಬಿಡತ್ತೆ. ತಪ್ಪು ಹಿಡಿಯೋಷ್ಟು ನಿಮಗೆ ಗೊತ್ತಿರ್ಬೇಕು, ಅಷ್ಟು ಗೊತ್ತಿದ್ರೆ ಅದರ ಸಹಾಯನೇ ಬೇಕಾಗಿಲ್ಲ.

ಹಂತ 4: ನಿಮ್ಮ ಮಾತಲ್ಲಿ ನಾಲ್ಕು ಸಾಲು, ಆಮೇಲೆ ಗೈಡು

ನೋಟ್‌ಬುಕ್ಕಿನ ಎಡ ಪುಟದಲ್ಲಿ ಪದ್ಯ ಅಥವಾ ಪಾಠದ ಹೆಸರು, ಕಷ್ಟದ ಪದ, ಅರ್ಥ. ಬಲ ಪುಟದ ಮೇಲರ್ಧದಲ್ಲಿ ಇದು ಏನು ಹೇಳ್ತಿದೆ ಅಂತ ಮನೇಲಿ ಯಾರಿಗೋ ಹೇಳೋ ಹಾಗೆ ನಾಲ್ಕು ಸಾಲು. ತಪ್ಪಿದ್ರೂ ಬರೀರಿ. ಕೆಳಗಿನ ಅರ್ಧ ಖಾಲಿ ಬಿಡಿ. ಇಷ್ಟಾದ ಮೇಲೆ ಗೈಡ್ ತೆಗೀರಿ, ಕ್ಲಾಸಲ್ಲಿ ಮೇಷ್ಟ್ರು ಹೇಳಿದ್ದು ಸೇರಿಸಿ, ಖಾಲಿ ಬಿಟ್ಟ ಜಾಗದಲ್ಲಿ ಬೇರೆ ಬಣ್ಣದ ಪೆನ್ನಲ್ಲಿ ಬರೀರಿ. ಮೇಲೆ ನೀವು ತಿಳ್ಕೊಂಡಿದ್ದು, ಕೆಳಗೆ ಬೇರೆಯವರು ಹೇಳಿದ್ದು, ಎರಡೂ ಕಣ್ಣೆದುರಿಗೆ ಇರತ್ತೆ. ಎಲ್ಲಿ ವ್ಯತ್ಯಾಸ ಇದ್ಯೋ ಅಲ್ಲೇ ಕ್ಲಾಸಲ್ಲಿ ಕೇಳೋಕೆ ಒಳ್ಳೆ ಪ್ರಶ್ನೆ ಸಿಗತ್ತೆ.

ನಾನು ಮೊದಲ ವರ್ಷ ಈ ಕ್ರಮ ಉಲ್ಟಾ ಮಾಡಿದ್ದೆ. ಒಂದು ಗೈಡಲ್ಲಿ ಮಾತಾಡಿದ್ದು ಯಾರು ಅನ್ನೋದೇ ತಪ್ಪು ಅಚ್ಚಾಗಿತ್ತು, ನಾನು ಮೂಲ ತೆರೆದೇ ಇರ್ಲಿಲ್ಲ, ಹಾಗೇ ಬರೆದು ಬಂದೆ. ಅವತ್ತು ಹೋದ ಅಂಕಕ್ಕಿಂತ ಆ ಪದ್ಯ ಎಷ್ಟು ಚೆನ್ನಾಗಿದೆ ಅನ್ನೋದು ಒಂದು ವರ್ಷ ನನಗೆ ಗೊತ್ತೇ ಆಗ್ಲಿಲ್ವಲ್ಲ, ಅದಕ್ಕೆ ಇವತ್ತಿಗೂ ಬೇಜಾರಿದೆ.

ಹಂತ 5: ವಚನ, ಕೀರ್ತನೆ, ಷಟ್ಪದಿ

ಇಲ್ಲಿ ಭಾಷೆ ಸುಲಭ, ಅದೇ ಅಪಾಯ. ವಚನ ಓದಿದ ತಕ್ಷಣ ಅರ್ಥ ಆಯ್ತು ಅನ್ಸತ್ತೆ, ಹಾಗಾಗಿ ಯಾರೂ ಎರಡನೇ ಸಲ ಓದಲ್ಲ. ಅಲ್ಲಮನ ವಚನ ಹಾಗೆ ಓದಿದ್ರೆ ಕೈಗೆ ಏನೂ ಸಿಗಲ್ಲ. ಬೆಡಗಿನ ವಚನ, ಅಂದ್ರೆ ಒಗಟಿನ ತರ ಒಳಗೆ ಬೇರೆ ಅರ್ಥ ಇಟ್ಟಿರೋ ವಚನ ಆದ್ರಂತೂ ಪ್ರತಿ ಚಿತ್ರಕ್ಕೂ ಪೆನ್ಸಿಲಲ್ಲಿ ನಂಬರ್ ಹಾಕಿ ಒಂದೊಂದಾಗಿ ಬಿಡಿಸ್ಬೇಕು.

ಅಂಕಿತ ಕಲಿತುಕೊಳ್ಳಿ. ಅಂಕಿತ ಅಂದ್ರೆ ರಚನೆಯ ಕೊನೇಲಿ ಬರೋ ಸಹಿ ತರದ ಹೆಸರು, ಸಾಮಾನ್ಯವಾಗಿ ಇಷ್ಟದೈವದ್ದು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಅಲ್ಲಮನದು ಗುಹೇಶ್ವರ, ಜೇಡರ ದಾಸಿಮಯ್ಯನದು ರಾಮನಾಥ, ದಾಸರಿಗೆ ಬಂದ್ರೆ ಪುರಂದರದಾಸರದು ಪುರಂದರವಿಠಲ, ಕನಕದಾಸರದು ಕಾಗಿನೆಲೆಯಾದಿಕೇಶವ. ಅಂಕಿತ ಗೊತ್ತಿದ್ರೆ ಪರೀಕ್ಷೇಲಿ ಕವಿ ಹೆಸರು ಮರೆತು ಹೋಗೋ ಮಾತೇ ಇಲ್ಲ.

ಷಟ್ಪದಿಗೆ ಒಂದೇ ಮಾತು. ಆರು ಸಾಲು, 1, 2, 4, 5 ಸಮ, 3 ಮತ್ತೆ 6 ಉದ್ದ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಲಿ ಚಿಕ್ಕ ಸಾಲು 3, 4, 3, 4 ಮಾತ್ರೆ, ಅಂದ್ರೆ 14. ದೊಡ್ಡ ಸಾಲು 3, 4, 3, 4, 3, 4 ಆಗಿ ಕೊನೇಲಿ ಒಂದು ಗುರು, ಅಂದ್ರೆ 22ಲ್ಲ, 23 ಮಾತ್ರೆ. ಎಲ್ಲಾ ಕೂಡಿದ್ರೆ 102. ನಿಮ್ಮ ಮೊತ್ತ 102 ಬರ್ಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ ಅಂತ ಅಲ್ಲೇ ಗೊತ್ತಾಗತ್ತೆ, ಉತ್ತರ ಚೆಕ್ ಮಾಡೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಕೊನೆ ಗುರುಗೆ 2 ಬದಲು 1 ಎಣಿಸೋದೇ ಎಲ್ರೂ ಮಾಡೋ ತಪ್ಪು.

ಹಂತ 6: ದಪ್ಪ ಕಾದಂಬರಿ

ಪುಸ್ತಕದ ಒಳಹೊದಿಕೆಗೆ ಒಂದು ಖಾಲಿ ಹಾಳೆ ಪಿನ್ ಮಾಡಿ. ಪಾತ್ರ ಬಂದ ಹಾಗೆ ಹೆಸರು, ಯಾರಿಗೆ ಏನಾಗ್ಬೇಕು, ಯಾವ ಪುಟದಲ್ಲಿ ಮೊದಲು ಬಂತು, ಇಷ್ಟು ಬರೀರಿ. 1967ರಲ್ಲಿ ಬಂದ ಮಲೆಗಳಲ್ಲಿ ಮದುಮಗಳು ತರದ ಕಾದಂಬರೀಲಿ ಒಬ್ಬನೇ ನಾಯಕ ಅಂತಿಲ್ಲ, ಎಷ್ಟೋ ಜೋಡಿಗಳ ಕಥೆ ಒಟ್ಟೊಟ್ಟಿಗೆ ಸಾಗತ್ತೆ, ಈ ಹಾಳೆ ಇಲ್ದೆ ನೂರನೇ ಪುಟಕ್ಕೆ ದಾರಿ ತಪ್ಪತ್ತೆ. ಹಾಗೆ ನಿಮ್ಮನ್ನ ಹಿಡಿದು ನಿಲ್ಲಿಸಿದ ಜಾಗ, ಅದು ಯಾಕೆ ಅಂತ ಗೊತ್ತಿಲ್ದಿದ್ರೂ ಸರಿ, ಪುಟದ ನಂಬರ್ ಬರೆದಿಡಿ. ಅಸೈನ್ಮೆಂಟ್ ಬರೆಯೋವಾಗ ಉದಾಹರಣೆಗೆ ಪುಸ್ತಕ ಪೂರ್ತಿ ಮಗುಚೋದು ತಪ್ಪತ್ತೆ. ಸಾರಾಂಶ ಓದಿ ಕಾದಂಬರಿ ಬಿಡ್ಬೇಡಿ. ಕಥೆ ಏನಾಯ್ತು ಅನ್ನೋದನ್ನ ಸಾರಾಂಶ ಹೇಳತ್ತೆ, ಹೇಗೆ ಹೇಳಿದಾರೆ ಅನ್ನೋದು ಅದರಲ್ಲಿ ಇರಲ್ಲ, ಮತ್ತೆ ಪ್ರಶ್ನೆ ಬರೋದೇ ಅದರ ಮೇಲೆ.

ಹಂತ 7: ಸಂದರ್ಭ ಸಹಿತ ಸ್ವಾರಸ್ಯ

ಇದೇ ಎಲ್ರಿಗೂ ಕಷ್ಟ ಆಗೋ ಜಾಗ, ಸ್ವಲ್ಪ ನಿಧಾನಕ್ಕೆ ಹೋಗೋಣ. ಒಂದು ಸಾಲು ಕೊಟ್ಟು ಇದರ ಸಂದರ್ಭ, ಸ್ವಾರಸ್ಯ ಬರೀರಿ ಅಂತಾರೆ. ಮೂರು ಭಾಗ ಇರತ್ತೆ. ಮೊದಲನೇದು ಆಯ್ಕೆ: ಯಾವ ಕವಿ, ಯಾವ ಕೃತಿ, ಯಾವ ಭಾಗ. ಎರಡನೇದು ಸಂದರ್ಭ: ಯಾರು ಯಾರಿಗೆ ಯಾವಾಗ ಹೇಳಿದ್ದು. ಇವೆರಡು ಮೂರ್ನಾಲ್ಕು ಸಾಲಲ್ಲಿ ಮುಗಿಸಿ. ಮೂರನೇದು ಸ್ವಾರಸ್ಯ, ಅಂದ್ರೆ ಆ ಮಾತಿನ ರುಚಿ ಎಲ್ಲಿದೆ, ಅದು ಹೇಗೆ ಕೆಲಸ ಮಾಡತ್ತೆ. ನೂರರಲ್ಲಿ ಎಂಬತ್ತು ಜನ ಇಲ್ಲಿ ಸಂದರ್ಭನೇ ಬೇರೆ ಮಾತಲ್ಲಿ ಇನ್ನೊಂದು ಸಲ ಬರೆದು, ಕೊನೇಲಿ "ಕವಿ ಇದನ್ನು ಬಹಳ ಮಾರ್ಮಿಕವಾಗಿ ಚಿತ್ರಿಸಿದ್ದಾನೆ" ಅಂತ ಹಾಕಿ ಬಿಡ್ತಾರೆ. ಆ ವಾಕ್ಯ ಯಾವ ಪದ್ಯಕ್ಕೆ ಬೇಕಾದ್ರೂ ಹಾಕ್ಬಹುದು, ಅಂದ್ರೆ ಅದು ಯಾವ ಪದ್ಯದ ಬಗ್ಗೆಯೂ ಏನೂ ಹೇಳ್ತಿಲ್ಲ.

ಉದಾಹರಣೆಗೆ ಪಂಪ 941ರ ಸುಮಾರಿಗೆ ಬರೆದ ವಿಕ್ರಮಾರ್ಜುನ ವಿಜಯದಲ್ಲಿ ಕರ್ಣ ಕೃಷ್ಣನಿಗೆ ಹೇಳೋ "ನೆತ್ತಮನಾಡಿ ಭಾನುಮತಿ ಸೋಲ್ತೊಡೆ" ಪದ್ಯ ತಗೊಳ್ಳಿ. ಸಂದರ್ಭ: ಸಂಧಿಗೆ ಅಂತ ಬಂದ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳಿ ಪಾಂಡವರ ಕಡೆ ಬಾ ಅಂತಾನೆ, ಕರ್ಣ ಬರಲ್ಲ ಅಂತ ಕಾರಣ ಕೊಡ್ತಾನೆ. ಈಗ ಸ್ವಾರಸ್ಯ. ನಿಮ್ಮನ್ನ ನೀವೇ ಕೇಳ್ಕೊಳ್ಳಬೇಕಾದ ಪ್ರಶ್ನೆ ಇದು: ಕವಿ ಇಲ್ಲಿ ಬೇರೆ ಏನು ಬೇಕಾದ್ರೂ ಬರೀಬಹುದಿತ್ತು, ಇದನ್ನೇ ಯಾಕೆ ಬರೆದ?

ದುರ್ಯೋಧನ ತನಗೆ ಅಂಗರಾಜ್ಯ ಕೊಟ್ಟಿದ್ದನ್ನ ಕರ್ಣ ಹೇಳ್ಬಹುದಿತ್ತು, ತುಂಬಿದ ಸಭೇಲಿ ತನ್ನ ಮಾನ ಉಳಿಸಿದ್ದನ್ನ ಹೇಳ್ಬಹುದಿತ್ತು. ಇಲ್ಲಿ ಅವನು ನೆನೆಸ್ಕೊಳ್ಳೋದು ಒಂದು ಪಗಡೆ ಆಟ. (ನೆತ್ತ ಅಂದ್ರೆ ಪಗಡೆ.) ದುರ್ಯೋಧನನ ಹೆಂಡತಿ ಭಾನುಮತಿ ಸೋಲ್ತಾಳೆ, ಸೋತ ಪಣ ಕೊಡು ಅಂತ ಕಾಡೋವಾಗ ಹಾರ ಹರಿದು ಮುತ್ತು ಚೆಲ್ಲಾಪಿಲ್ಲಿ ಆಗತ್ತೆ, ಅಂಥ ಹೊತ್ತಲ್ಲಿ ದುರ್ಯೋಧನ ಮನಸ್ಸಲ್ಲಿ ಏನೂ ಇಟ್ಕೊಳ್ದೆ ಕೇಳಿದ್ದು "ಇವನಾಯ್ವುದೊ", ಮುತ್ತು ಆಯ್ದು ಕೊಡ್ಲಾ ಅಂತ. ಅಂಥ ರಾಜನ್ನ ಬಿಟ್ಟು ನಿಮ್ಮ ಕಡೆ ಬಂದ್ರೆ ನಾನು ಎಂಥವನಾಗ್ತೀನಿ ಅಂತ ಕರ್ಣನ ಮಾತು. ರಾಜ್ಯದ ಋಣ ತೀರಿಸ್ಬಹುದು, ನೆಲದ ಮೇಲೆ ಬಿದ್ದ ಮುತ್ತಿನ ಹತ್ರ ಬಗ್ಗಿ ನಂಬಿಕೆ ತೋರಿಸಿದ ಗೆಳೆಯನ ಋಣ ಹೇಗೆ ತೀರಿಸೋದು. ಆ ಸಣ್ಣ ಪ್ರಶ್ನೆ ಇಟ್ಟಿದ್ರಿಂದಲೇ ಪದ್ಯ ಇಷ್ಟು ಭಾರ ಆಗಿರೋದು. ಇಷ್ಟು ಬರೆದ್ರೆ ಅದು ಸ್ವಾರಸ್ಯ. ಇನ್ನೂ ಒಂದು ವಿಷಯ ಸೇರಿಸ್ಬಹುದು, ಈ ಪದ್ಯದಲ್ಲಿ ಭಾನುಮತಿ ಎದುರು ಆಡ್ತಿದ್ದದ್ದು ಯಾರು ಅಂತ ಕವಿ ಹೆಸರಿಟ್ಟು ಹೇಳಿಲ್ಲ, ಅದರ ಅನ್ವಯದ ಬಗ್ಗೆ, ಅಂದ್ರೆ ಪದಗಳನ್ನ ಯಾವ ಕ್ರಮದಲ್ಲಿ ಜೋಡಿಸಿ ಅರ್ಥ ಮಾಡ್ಬೇಕು ಅನ್ನೋದರ ಬಗ್ಗೆ, ವಿದ್ವಾಂಸರಲ್ಲಿ ದೊಡ್ಡ ಚರ್ಚೆನೇ ನಡೆದಿದೆ. ನಿಮ್ಮ ಗೈಡು ಒಂದೇ ಅರ್ಥ ಕೊಟ್ಟಿರತ್ತೆ. ಮೂಲ ಓದಿದೋರಿಗೆ ಮಾತ್ರ ಇಲ್ಲೊಂದು ಪ್ರಶ್ನೆ ಇದೆ ಅಂತ ಕಾಣೋದು.

ಎಚ್ಚರ: ಸ್ವಾರಸ್ಯದಲ್ಲಿ ರಸ, ಧ್ವನಿ, ಔಚಿತ್ಯ ಅಂತ ದೊಡ್ಡ ಪದ ಸುಮ್ಸುಮ್ನೆ ಉದುರಿಸಬೇಡಿ. ಧ್ವನಿ ಅಂದ್ರೆ ನೇರವಾಗಿ ಹೇಳ್ದೆ ಸೂಚಿಸಿ ಹೊಳೆಸೋ ಅರ್ಥ. ಆ ಪದ ಬರೆದ್ರೆ ಮುಂದಿನ ವಾಕ್ಯದಲ್ಲಿ ಇಲ್ಲಿ ಹೇಳ್ದೇ ಇರೋದು ಏನು ಅಂತ ಬರೀಲೇಬೇಕು. ಬರೆಯೋಕೆ ಆಗ್ತಿಲ್ಲ ಅಂದ್ರೆ ಆ ಪದ ಅಲ್ಲಿ ಬೇಡ. ನವೋದಯ, ನವ್ಯ, ಬಂಡಾಯ ಅನ್ನೋ ಲೇಬಲ್‌ಗಳಿಗೂ ಇದೇ ಮಾತು. ಕವಿತೆ ಯಾವ ಕಾಲದ್ದು ಅಂತ ಹೇಳಿದ ಮಾತ್ರಕ್ಕೆ ಕವಿತೆ ಬಗ್ಗೆ ಹೇಳಿದ ಹಾಗಾಗಲ್ಲ.

ಹಂತ 8: ಅಸೈನ್ಮೆಂಟ್, ಸೆಮಿನಾರ್ ಮತ್ತೆ ಉಳಿದ ಸಬ್ಜೆಕ್ಟ್‌ಗಳು

ಕ್ಯಾಲೆಂಡರ್‌ನಲ್ಲಿ ಕೊನೆ ದಿನಾಂಕ ಗುರುತು ಹಾಕಿ, ಅದಕ್ಕೂ ಮೂರು ದಿನ ಹಿಂದೆ ಇನ್ನೊಂದು ಗುರುತು ಹಾಕಿ, ಎರಡನೇದೇ ನಿಮ್ಮ ನಿಜವಾದ ಕೊನೆ ದಿನ. ಅಲ್ಲಿಂದ ಹಿಂದಕ್ಕೆ ಎಣಿಸಿ: ಶುದ್ಧ ಪ್ರತಿಗೆ ಒಂದು ದಿನ, ಕರಡಿಗೆ ಎರಡು ದಿನ, ವಿಮರ್ಶೆ ಓದೋಕೆ ಎರಡು ದಿನ, ಅದಕ್ಕೂ ಮುಂಚೆ ಪಠ್ಯ. ಪಠ್ಯಕ್ಕೆ ಎಷ್ಟು ಗಂಟೆ ಅಂತ ಹಂತ 1ರಲ್ಲೇ ಬರೆದಿಟ್ಟಿದೀರಲ್ಲ, ಅದನ್ನ ಹಾಕಿ. ಶುರು ಮಾಡೋ ದಿನ ತಾನಾಗೇ ಬರತ್ತೆ. ಬಹಳ ಸಲ ಆ ದಿನ ಇವತ್ತೇ ಆಗಿರತ್ತೆ, ಅಥವಾ ನಿನ್ನೆ. ನಿನ್ನೆ ಬಂದ್ರೆ ವಿಮರ್ಶೆಗಿಟ್ಟ ದಿನದಲ್ಲಿ ಕತ್ತರಿ ಹಾಕಿ, ಪಠ್ಯಕ್ಕಿಟ್ಟ ದಿನದಲ್ಲಿ ಹಾಕ್ಬೇಡಿ.

ವಿಷಯ ಆರಿಸೋವಾಗ ದೊಡ್ಡದು ಹಿಡೀಬೇಡಿ. "ವಚನಗಳಲ್ಲಿ ಸಮಾಜ" ಅಂತ ಹಿಡಿದ್ರೆ ಹತ್ತು ಪುಟದಲ್ಲಿ ಎಲ್ರೂ ಹೇಳಿದ್ದನ್ನೇ ಹೇಳ್ತೀರಿ. "ಅಕ್ಕನ ಐದು ವಚನದಲ್ಲಿ ಬಟ್ಟೆಯ ಮಾತು" ಅಂತ ಹಿಡೀರಿ, ಐದು ವಚನ ಹತ್ತು ಸಲ ಓದ್ಬಹುದು, ಹೇಳೋಕೂ ಏನೋ ಸಿಗತ್ತೆ. ಬೇರೆಯವರ ಮಾತು ತಗೊಂಡ್ರೆ ಉದ್ಧರಣ ಚಿಹ್ನೆ ಹಾಕಿ ಯಾರದು, ಯಾವ ಪುಸ್ತಕ, ಯಾವ ಪುಟ ಅಂತ ಓದೋವಾಗಲೇ ಬರ್ಕೊಳ್ಳಿ. ಆಮೇಲೆ ಹುಡುಕ್ತೀನಿ ಅಂದ್ಕೊಂಡ್ರೆ ಸಿಗಲ್ಲ, ಸಿಗ್ಲಿಲ್ಲ ಅಂತ ಹೆಸರಿಲ್ದೆ ಹಾಕಿದ್ರೆ ಅದು ಕದ್ದ ಹಾಗೆ.

ಗ್ರೂಪ್ ಸ್ಟಡಿ ಮಾಡೋರು ಪಾಠ ಹಂಚ್ಕೊಂಡು "ನೀನು ಇದು ಓದು ನಾನು ಅದು ಓದ್ತೀನಿ" ಅಂತ ಮಾಡ್ತಾರಲ್ಲ, ಅದು ಬೇಡ. ಹಾಗೆ ಮಾಡಿದ್ರೆ ಒಬ್ಬೊಬ್ರೂ ನಾಲ್ಕರಲ್ಲಿ ಒಂದು ಭಾಗ ಓದಿ ಉಳಿದಿದ್ದನ್ನ ಕೇಳಿರ್ತಾರೆ ಅಷ್ಟೇ. ಎಲ್ರೂ ಎಲ್ಲಾ ಓದಿ, ಕಷ್ಟದ ಪದ ಹುಡುಕೋ ಕೆಲಸ ಮಾತ್ರ ಹಂಚ್ಕೊಳ್ಳಿ.

ಸೆಮಿನಾರ್‌ಗೆ ಬರೆದಿದ್ದನ್ನ ಟೈಮರ್ ಹಾಕಿ ಒಂದು ಸಲ ಜೋರಾಗಿ ಓದಿ ನೋಡಿ. ಹತ್ತು ನಿಮಿಷಕ್ಕೆ ಅಂತ ಬರೆದಿದ್ದು ಹದಿನೆಂಟು ನಿಮಿಷ ಆಗೋದು ಮಾಮೂಲು. ಪೀಠಿಕೆ ಕಡಿಮೆ ಮಾಡಿ, ಕವಿಯ ಕಾಲ, ಊರು, ಆಶ್ರಯದಾತ, ಬಿರುದು ಎಲ್ಲಾ ಹೇಳೋಷ್ಟರಲ್ಲಿ ಕೇಳೋರ ಗಮನ ಹೋಗಿರತ್ತೆ. ಪದ್ಯ ಓದಿ ಶುರು ಮಾಡಿ.

ಉಳಿದ ಸಬ್ಜೆಕ್ಟ್‌ಗಳ ಬಗ್ಗೆ: ಹಳಗನ್ನಡ ಬೆಳಿಗ್ಗೆ ತಲೆ ಫ್ರೆಶ್ ಇದ್ದಾಗ ಇಟ್ಕೊಳ್ಳಿ, ಕಾದಂಬರಿ ರಾತ್ರಿಗೆ, ಸಾಹಿತ್ಯ ಚರಿತ್ರೆಯ ಇಸವಿ ಹೆಸರುಗಳು ಬಸ್ಸಲ್ಲೋ ಕಾಯೋ ಹೊತ್ತಲ್ಲೋ ಸಣ್ಣ ಚೀಟಿ ನೋಡ್ಕೊಂಡು. ವಾರದಲ್ಲಿ ಅರ್ಧ ದಿನ ಖಾಲಿ ಇಡಿ. ಜ್ವರ ಬರತ್ತೆ, ನೆಂಟರು ಬರ್ತಾರೆ, ಖಾಲಿ ಜಾಗ ಇಲ್ದಿರೋ ಟೈಮ್‌ಟೇಬಲ್ ಮೊದಲ ಏಟಿಗೇ ಮುರಿಯತ್ತೆ.

ಹಂತ 9: ಪರೀಕ್ಷೆ ಹಾಲ್

ಅಂಕಕ್ಕೆ ನಿಮಿಷ ಲೆಕ್ಕ ಹಾಕಿ. ಮೂರು ಗಂಟೆ, 80 ಅಂಕ ಅಂದ್ರೆ 180 ನಿಮಿಷ ಭಾಗಿಸು 80, ಒಂದು ಅಂಕಕ್ಕೆ ಎರಡೂಕಾಲು ನಿಮಿಷ. 10 ಅಂಕದ ಪ್ರಶ್ನೆಗೆ 22 ನಿಮಿಷ, 5 ಅಂಕದ್ದಕ್ಕೆ 11. ಓದಿ ಆರಿಸೋಕೆ, ಕೊನೇಲಿ ನೋಡೋಕೆ ಅಂತ ತೆಗೆದ್ರೆ 20 ಮತ್ತೆ 10 ಅಂತಿಟ್ಕೊಳ್ಳಿ. ನಿಮಗೆ ಪ್ರೀತಿಯ ಪಠ್ಯದ ಮೇಲೆ ಪ್ರಶ್ನೆ ಬಂದಾಗಲೇ ಹುಷಾರು, ಸಾಹಿತ್ಯದ ಹುಡುಗ್ರು ಅಲ್ಲೇ 40 ನಿಮಿಷ ಕಳೆದು ಕೊನೆ ಎರಡು ಪ್ರಶ್ನೆ ಬಿಟ್ಟು ಬರೋದು. ಗಡಿಯಾರ 20 ತೋರಿಸಿದ್ರೆ ವಾಕ್ಯ ಮುಗಿಸಿ ಮುಂದಕ್ಕೆ ಹೋಗಿ, ಕೆಳಗೆ ಐದಾರು ಸಾಲು ಜಾಗ ಬಿಟ್ಟಿರಿ, ಟೈಮ್ ಉಳಿದ್ರೆ ತುಂಬ್ಸಿ.

ಪ್ರಸ್ತಾರದ ಪ್ರಶ್ನೆ ಇದ್ರೆ ಅದನ್ನ ಮೊದಲು ಮಾಡಿ, ಕೈ ನಡುಕ ನಿಲ್ಲತ್ತೆ. ಪದ್ಯದ ಸಾಲು ಉದ್ಧರಿಸೋವಾಗ ಪೂರ್ತಿ ನೆನಪಿಲ್ಲಾಂದ್ರೆ ಗೊತ್ತಿರೋ ಎರಡು ಪದ ಮಾತ್ರ ಸರಿಯಾಗಿ ಬರೀರಿ, ಉಳಿದಿದ್ದನ್ನ ನಿಮ್ಮ ಮಾತಲ್ಲಿ ಹೇಳಿ. ಕವಿಯ ಹೆಸರಲ್ಲಿ ನೀವು ಕಟ್ಟಿದ ಸಾಲು ಬರೀಬೇಡಿ.

ಪರೀಕ್ಷೆ ಮುಗಿದ ದಿನ ಆ ನೋಟ್‌ಬುಕ್ ತೂಕಕ್ಕೆ ಹಾಕ್ಬೇಡಿ. ಮುಂದಿನ ಸೆಮಿಸ್ಟರ್‌ನ ಹಳಗನ್ನಡ ಪೇಪರ್‌ಗೆ ಎಡ ಪುಟದ ಆ ಪದಗಳೇ ಮತ್ತೆ ಬರ್ತಾವೆ, ಅದೇ ನೋಟ್‌ಬುಕ್ಕಲ್ಲಿ ಮುಂದುವರೆಸಿ.